ಬಸ್ಸಲ್ಲಿ ಹೋಗಿ, ಹೊಳೆ ಪಕ್ಕ ನಡೆಯಿರಿ: ಶಿವಮೊಗ್ಗ ಸುತ್ತಮುತ್ತಲ ಕೆರೆ-ಹೊಳೆ ನಡಿಗೆಗೆ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಇದ್ದುಕೊಂಡು ಹೊಳೆ ನೋಡಲು ಕಾರು ಬೇಕು ಅನ್ನುವವರನ್ನು ಕಂಡರೆ ನನಗೆ ಆಶ್ಚರ್ಯ. ತೀರ್ಥಹಳ್ಳಿ ರಸ್ತೆಗೆ ಹೋದರೆ ತುಂಗೆ ಜೊತೆಗೇ ಬರುತ್ತಾಳೆ. ಹೊಳೆಹೊನ್ನೂರು ರಸ್ತೆಗೆ ಹೋದರೆ ತುಂಗೆ ಭದ್ರೆ ಸೇರುವ ಜಾಗ. ಸಾಗರದಲ್ಲಿ ಕೆರೆ ಊರೊಳಗೇ ಇದೆ. ಇಷ್ಟಕ್ಕೂ ಬಸ್ ಇದೆ.

ಕಾರು, ಬೈಕಿನವರಿಗೆ ಒಂದು ಕಟ್ಟುಪಾಡು ಇರುತ್ತದೆ. ಎಷ್ಟೇ ನಡೆದರೂ ಗಾಡಿ ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಬಸ್ಸಿನವರಿಗೆ ಅದಿಲ್ಲ. ಒಂದು ಕಡೆ ಇಳಿದು, ಹೊಳೆ ಪಕ್ಕ ಸುಮ್ನೆ ನಡೆದು, ಇನ್ನೊಂದು ಕಡೆ ಹತ್ತಿ ಮನೆಗೆ ಬರಬಹುದು. ಆದರೆ ಆ ಇನ್ನೊಂದು ಕಡೆ ಬಸ್ ಬರದಿದ್ದರೆ ಮುಗೀತು ಕಥೆ. ಹಾಗಾಗಿ ಜಾಗಗಳ ವಿಷಯ ಆಮೇಲೆ, ಮೊದಲು ಬಸ್ಸಿನ ವಿಷಯ.

ವಾಪಸ್ ಬರುವ ಬಸ್ ಮೊದಲು ನೋಡಿ

ಬೆಳಗ್ಗೆ ಹೋಗುವ ಬಸ್ ಹೇಗೂ ಸಿಗುತ್ತದೆ. ತಲೆನೋವು ಇರುವುದು ಸಂಜೆ. ಒಳಗಿನ ಹಳ್ಳಿಯ ಬಸ್ಸುಗಳನ್ನು ಬಿಟ್ಟಿರುವುದು ಹಳ್ಳಿಯವರಿಗೋಸ್ಕರ. ಅವರು ಬೆಳಗ್ಗೆ ಪೇಟೆಗೆ ಬರಬೇಕು, ಸಂಜೆ ಮನೆ ಸೇರಬೇಕು. ನಾವು ಮಾಡುವುದು ಅದರ ಉಲ್ಟಾ, ಅಲ್ವಾ? ಸಂಜೆ ನೀವು ರಸ್ತೆ ಬದಿ ಕಾಯುತ್ತಾ ನಿಂತಿದ್ದರೆ ಬಸ್ ಬಂದೇ ಬರುತ್ತದೆ, ಆದರೆ ಅದು ಊರಿನ ಒಳಗೆ ಹೋಗಿ ರಾತ್ರಿ ಅಲ್ಲೇ ಹಾಲ್ಟ್ ಮಾಡಿ ಮಾರನೇ ದಿನ ಬೆಳಗ್ಗೆ ಹೊರಡುವ ಗಾಡಿ. ನಿಮಗೆ ಉಪಯೋಗವಿಲ್ಲ.

ಇದಕ್ಕೆ ನಾನು ಪಾಲಿಸುವ ಉಪಾಯ ಒಂದೇ. ಸಣ್ಣ ರಸ್ತೆಯಿಂದ ದೊಡ್ಡ ರಸ್ತೆ ಕಡೆಗೆ ನಡೆಯುವುದು. ಬೆಳಗ್ಗೆ ಬಸ್ಸಿನಲ್ಲಿ ಎಷ್ಟು ಒಳಗೆ ಹೋಗಬಹುದೋ ಅಷ್ಟು ಹೋಗಿಬಿಡಿ, ನಡಿಗೆಯನ್ನು ಮುಖ್ಯ ರಸ್ತೆಯಲ್ಲಿ ಮುಗಿಸಿ. ತೀರ್ಥಹಳ್ಳಿ, ಸಾಗರ, ಭದ್ರಾವತಿ, ಶಿಕಾರಿಪುರ ರಸ್ತೆಗಳಲ್ಲಿ ಸಂಜೆಯೂ ಓಡಾಟ ಇರುತ್ತದೆ. ಒಂದು ಬಸ್ ತಪ್ಪಿದರೆ ಇನ್ನೊಂದು ಬರುತ್ತದೆ.

ಸಮಯ ಎಲ್ಲಿ ಕೇಳಬೇಕು? ಮೊಬೈಲಿನಲ್ಲಿ ಸಿಗುವ ವೇಳಾಪಟ್ಟಿಯನ್ನು ನಂಬಿ ಹೋಗಬೇಡಿ, ಖಾಸಗಿ ಬಸ್ಸುಗಳು ಅದರಲ್ಲಿ ಇರುವುದೇ ಕಡಿಮೆ. ಇಳಿಯುವ ಮೊದಲು ಕಂಡಕ್ಟರನ್ನು ಕೇಳಿ, "ಅಣ್ಣ, ಇಲ್ಲಿಂದ ವಾಪಸ್ ಲಾಸ್ಟ್ ಬಸ್ ಎಷ್ಟೊತ್ತಿಗೆ?" ಅಂತ. ಇಳಿದ ಮೇಲೆ ಸ್ಟಾಪಿನ ಹತ್ತಿರದ ಅಂಗಡಿಯಲ್ಲೂ ಅದನ್ನೇ ಕೇಳಿ. ಇಬ್ಬರೂ ಬೇರೆ ಬೇರೆ ಸಮಯ ಹೇಳಿದರೆ ಮುಂಚಿನದನ್ನು ನಂಬಿ. ಲಾಸ್ಟ್ ಬಸ್ಸಿಗೆ ಕಾಯಲೇಬೇಡಿ, ಅದರ ಹಿಂದಿನ ಬಸ್ಸಿಗೆ ಲೆಕ್ಕ ಹಾಕಿ. ಭಾನುವಾರ ಶಾಲೆ ಟೈಮಿನ ಟ್ರಿಪ್ಪುಗಳು ಇರದೇ ಹೋಗಬಹುದು. ಮದುವೆ ಸೀಸನ್ನಿನಲ್ಲಿ ಖಾಸಗಿ ಬಸ್ಸು ದಿಬ್ಬಣ ಹೊತ್ತುಕೊಂಡು ಹೋಗಿ ಅವತ್ತಿನ ರೂಟ್ ಕಟ್ ಆಗುವುದೂ ಉಂಟು. ಇದನ್ನು ಯಾರೂ ಮುಂಚೆ ಹೇಳಲ್ಲ, ನೀವೇ ಕೇಳಬೇಕು.

ಯಾವ ಬಸ್, ಎಲ್ಲಿ ಹತ್ತುವುದು

ಶಿವಮೊಗ್ಗದಲ್ಲಿ ಕೆಎಸ್‌ಆರ್‌ಟಿಸಿ ಸ್ಟ್ಯಾಂಡು, ಖಾಸಗಿ ಸ್ಟ್ಯಾಂಡು ಎರಡೂ ಹತ್ತಿರ ಹತ್ತಿರವೇ ಇವೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದಕ್ಕೆ ನಡೆದು ಹೋಗಬಹುದು. ಮಲೆನಾಡಿನ ಒಳಗಿನ ಹಳ್ಳಿಗಳಿಗೆ ಮೊದಲಿನಿಂದಲೂ ಖಾಸಗಿ ಬಸ್ಸುಗಳೇ ಜಾಸ್ತಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತಲ್ಲ, ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸಿನಲ್ಲಿ ಮಹಿಳೆಯರೂ ಟಿಕೆಟ್ ತಗೊಳ್ಳಬೇಕು. ಸರ್ಕಾರಿ ಬಸ್ಸಿನಲ್ಲಿ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು, ಆಧಾರ್ ಆದರೂ ಆಯಿತು. ಚಿಲ್ಲರೆ ಇಟ್ಟುಕೊಳ್ಳಿ. ಬೆಳಗ್ಗೆ ಮೊದಲ ಟ್ರಿಪ್ಪಿನ ಕಂಡಕ್ಟರಿಗೆ ಐನೂರರ ನೋಟು ಕೊಟ್ಟರೆ ನಿಮ್ಮ ದಿನವೂ ಹಾಳು, ಅವರದೂ ಹಾಳು.

ಹತ್ತುವ ಮೊದಲು ಬೋರ್ಡು ಮಾತ್ರ ನೋಡಿದರೆ ಸಾಲದು, ನೀವು ಇಳಿಯುವ ಊರಿನಲ್ಲಿ ನಿಲ್ಲಿಸುತ್ತಾರಾ ಅಂತ ಕೇಳಿ. ಉಡುಪಿ, ಮಂಗಳೂರು ಕಡೆ ಹೋಗುವ ಎಕ್ಸ್‌ಪ್ರೆಸ್ ಬಸ್ಸುಗಳು ಸಣ್ಣ ಸ್ಟಾಪುಗಳಲ್ಲಿ ನಿಲ್ಲಿಸದೇ ಇರಬಹುದು. ತೀರ್ಥಹಳ್ಳಿಗೆ ಅಂತ ಬೋರ್ಡು ಇರುವ ಗಾಡಿ ಹತ್ತಿದರೆ ಚಿಂತೆ ಇಲ್ಲ.

ಮೊದಲ ಸಲಕ್ಕೆ: ಕೂಡ್ಲಿ

ಹೊಸಬರಿಗೆ ನಾನು ಮೊದಲು ಹೇಳುವ ಜಾಗ ಕೂಡ್ಲಿ. ಶಿವಮೊಗ್ಗದಿಂದ ಸುಮಾರು 16 ಕಿಲೋಮೀಟರು. ಏರು ಇಲ್ಲ, ಕಾಡಿಲ್ಲ, ದಾರಿ ತಪ್ಪುವ ಭಯ ಇಲ್ಲ. ಹೊಳೆಹೊನ್ನೂರು ಕಡೆಯ ಬಸ್ ಹತ್ತಿ, ಕೂಡ್ಲಿಗೆ ತಿರುಗುವ ಕಡೆ ಇಳಿಸಿ ಅಂತ ಹೇಳಿಡಿ. ಊರೊಳಗೇ ಹೋಗುವ ಬಸ್ ಸಿಕ್ಕಿದರೆ ಅದರಲ್ಲೇ ಹೋಗಿ, ವಾಪಸ್ ಬರುವಾಗ ಮುಖ್ಯ ರಸ್ತೆವರೆಗೆ ನಡೆಯಿರಿ. ಮೇಲೆ ಹೇಳಿದ ಉಪಾಯಕ್ಕೆ ಇದೇ ಒಳ್ಳೆ ಅಭ್ಯಾಸ. ಆ ದಾರಿಗೆ ಒಂದು ಗಂಟೆ ಇಟ್ಟುಕೊಂಡರೆ ಆತುರ ಇರುವುದಿಲ್ಲ. ಗದ್ದೆ, ತೋಟ ನೋಡಿಕೊಂಡು ಬರಬಹುದು. ನೆರಳು ಎಲ್ಲ ಕಡೆ ಸಿಗಲ್ಲ, ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಹೋಗಿ ಬಂದುಬಿಡಿ.

ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖದ ಕಡೆ ಗಂಗಾಮೂಲದಲ್ಲಿ. ಅಲ್ಲಿಂದ ಒಂದು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾರಿ ಹಿಡಿಯುತ್ತದೆ, ಇನ್ನೊಂದು ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿ ದಾರಿ. ಕೂಡ್ಲಿಯಲ್ಲಿ ಮತ್ತೆ ಒಂದಾಗಿ ತುಂಗಭದ್ರೆ ಆಗುತ್ತದೆ. ಸಂಗಮದಲ್ಲಿ ಸಂಗಮೇಶ್ವರನ ಸಣ್ಣ ಗುಡಿ ಇದೆ. ಊರಲ್ಲಿ ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ, ಹಳೇ ಮಠ ಇವೆ. ಎರಡನ್ನೂ ನಿಧಾನವಾಗಿ ನೋಡಿ.

ಯಾವಾಗ ಹೋಗಬೇಕು ಅಂತ ಕೇಳಿದರೆ, ಜುಲೈ ಮೊದಲ ಭಾಗದಲ್ಲಿ ಒಂದು ಸಲ, ಡಿಸೆಂಬರಿನಲ್ಲಿ ಒಂದು ಸಲ ಅನ್ನುತ್ತೇನೆ. ಕಾರಣ ಇದೆ. ತುಂಗೆಗೆ ಗಾಜನೂರಿನಲ್ಲಿ ಕಟ್ಟಿರುವ ಅಣೆಕಟ್ಟು ಚಿಕ್ಕದು, ಹಿಡಿಯುವುದು 3.24 ಟಿಎಂಸಿ ನೀರು ಅಷ್ಟೇ. ಮುಂಗಾರು ಜೋರಾದ ಕೂಡಲೇ ತುಂಬಿಬಿಡುತ್ತದೆ, ಆಮೇಲೆ ಬಂದ ನೀರನ್ನೆಲ್ಲ ಬಿಡಲೇಬೇಕು. ಭದ್ರಾ ಅಣೆಕಟ್ಟು ಹಾಗಲ್ಲ, ಸುಮಾರು 71 ಟಿಎಂಸಿಯದು. ಅದು ತುಂಬುವವರೆಗೆ ಮಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮಳೆಗಾಲದ ಶುರುವಿನಲ್ಲಿ ಕೂಡ್ಲಿಯಲ್ಲಿ ನಿಂತರೆ ತುಂಗೆ ಕಡೆ ಕೆಂಪು ನೀರು ನುಗ್ಗಿ ಬರುತ್ತಿರುತ್ತದೆ, ಭದ್ರೆ ಕಡೆ ಅಷ್ಟು ಅಬ್ಬರ ಇರುವುದಿಲ್ಲ. ಡಿಸೆಂಬರಿನಲ್ಲಿ ಹೋದರೆ ಎರಡೂ ತಣ್ಣಗೆ ಹರಿಯುತ್ತವೆ, ಬಂಡೆ, ಮರಳು ಎಲ್ಲ ಕಾಣುತ್ತದೆ.

ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಗಾಜನೂರಿನಲ್ಲಿ ಗೇಟು ಎತ್ತಿದ ನೀರು ಕೂಡ್ಲಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಎದುರಿಗಿನ ಹೊಳೆ ಶಾಂತವಾಗೇ ಇರುತ್ತದೆ. ಎರಡು ಹೊಳೆ ಸೇರುವ ಕಡೆ ಸುಳಿ ಬೇರೆ. ಈಜು ಬರುತ್ತದೆ ಅನ್ನುವವರೇ ಹೆಚ್ಚು ಹುಷಾರಾಗಿರಬೇಕು.

"ಗಂಗಾ ಸ್ನಾನ, ತುಂಗಾ ಪಾನ" ಅಂತ ಬಾಟಲಿ ತುಂಬಿಸಿಕೊಳ್ಳಲು ಹೋಗಬೇಡಿ ಮತ್ತೆ. ಕೂಡ್ಲಿಗೆ ಬರುವ ಹೊತ್ತಿಗೆ ತುಂಗೆ ಶಿವಮೊಗ್ಗ ನಗರವನ್ನು ದಾಟಿ ಬಂದಿರುತ್ತಾಳೆ, ಊರಿನ ಕೊಳಚೆಯನ್ನೂ ಹೊತ್ತುಕೊಂಡು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊಳೆ ಉದ್ದಕ್ಕೂ ಜನ ಪಾದಯಾತ್ರೆ ಮಾಡಿದ್ದು ಇದೇ ಕಾರಣಕ್ಕೆ. ನೀರು ಮನೆಯಿಂದಲೇ ಒಯ್ಯಿರಿ.

ತೀರ್ಥಹಳ್ಳಿ ರಸ್ತೆ: ಇಳಿದು, ನಡೆದು, ಮತ್ತೆ ಹತ್ತುವ ದಾರಿ

ಬಸ್ಸಿನವರಿಗೆ ಇದಕ್ಕಿಂತ ಒಳ್ಳೆ ರಸ್ತೆ ಶಿವಮೊಗ್ಗದಲ್ಲಿ ಇಲ್ಲ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಹೊಳೆ ಆ ಕಡೆ. ಬಸ್ಸುಗಳೂ ಜಾಸ್ತಿ, ಹಾಗಾಗಿ ಒಂದೇ ದಿನ ಎರಡು ಮೂರು ಕಡೆ ಇಳಿದು ಹತ್ತಬಹುದು.

ಸಕ್ರೆಬೈಲು ಮೊದಲು ಬರಬೇಕು, ಕಾರಣ ಆನೆಗಳು. ಸುಮಾರು 14 ಕಿಲೋಮೀಟರು. ಬಿಡಾರದ ಆನೆಗಳನ್ನು ಹಿನ್ನೀರಿನಲ್ಲಿ ತೊಳೆಯುವುದನ್ನು ನೋಡಬೇಕಾದರೆ ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರ ಒಳಗೆ ಅಲ್ಲಿರಬೇಕು. ಆಮೇಲೆ ಆನೆಗಳು ಕಾಡಿಗೆ ಹೋಗುತ್ತವೆ, ನೀವು ಖಾಲಿ ಬಿಡಾರ ನೋಡಿಕೊಂಡು ಬರಬೇಕಾಗುತ್ತದೆ. ಒಳಗೆ ಹೋಗಲು ಟಿಕೆಟ್ ಇದೆ. ನಿಜ ಹೇಳಬೇಕೆಂದರೆ ರಜೆ ದಿನ ಅಲ್ಲಿನ ಗಲಾಟೆ ನನಗೆ ಹಿಡಿಸಲ್ಲ. ವಾರದ ನಡುವೆ ಬಿಡುವಿದ್ದರೆ ಮಾತ್ರ ಹೋಗಿ, ಇಲ್ಲದಿದ್ದರೆ ಇಲ್ಲಿ ಇಳಿಯದೇ ಮುಂದಿನದಕ್ಕೆ ಹೋಗಿ.

ಆನೆ ನೋಡಿದ ಮೇಲೆ ಶಿವಮೊಗ್ಗ ಕಡೆಗೇ ಎರಡು ಮೂರು ಕಿಲೋಮೀಟರು ನಡೆದರೆ ಗಾಜನೂರು. ಹಿನ್ನೀರು ಅಲ್ಲಲ್ಲಿ ಕಾಣುತ್ತಾ ಇರುತ್ತದೆ. ಆದರೆ ಇದು ಹೆದ್ದಾರಿ, ಕಾಲುದಾರಿ ಅಲ್ಲ. ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ನಡೆಯಿರಿ. ಮಕ್ಕಳಿದ್ದರೆ ಈ ತುಂಡನ್ನು ನಡೆಯಬೇಡಿ, ಬಸ್ಸಿಗೆ ಕೈ ಹಿಡಿಯಿರಿ. ರಸ್ತೆ ಬಿಟ್ಟು ಕಾಡೊಳಗೆ ಹೋಗುವುದಂತೂ ಬೇಡವೇ ಬೇಡ. ಅದು ಶೆಟ್ಟಿಹಳ್ಳಿ ಅಭಯಾರಣ್ಯ, ಬಿಡಾರದ ಸುತ್ತ ಕಾಡಾನೆ ಓಡಾಟವೂ ಉಂಟು. ಜುಲೈನಲ್ಲಿ ಗಾಜನೂರಿನ ಗೇಟುಗಳಿಂದ ನೀರು ಬಿಡುವಾಗ ನೋಡಲು ಜನ ಸೇರುತ್ತಾರೆ. ದೂರದಿಂದ ನೋಡಿ. ಹಗ್ಗ ಕಟ್ಟಿದ್ದರೆ ಅದನ್ನು ದಾಟಬೇಡಿ.

ಮಂಡಗದ್ದೆ ಇನ್ನೂ ಮುಂದೆ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರು. ತುಂಗೆಯ ಮಧ್ಯೆ ಒಂದು ಪುಟ್ಟ ನಡುಗಡ್ಡೆ, ಅದರ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಬಸ್ಸಿಳಿದ ಹತ್ತಿರದಲ್ಲೇ ಇದೆ, ನಡೆಯುವುದೇ ಬೇಡ. ಜುಲೈನಿಂದ ಅಕ್ಟೋಬರ್‌ವರೆಗೆ ಹೋದರೆ ಮಾತ್ರ ಹಕ್ಕಿ. ಬೇಸಿಗೆಯಲ್ಲಿ ಹೋಗಿ "ಏನೂ ಇಲ್ವಲ್ಲ" ಅನ್ನಬೇಡಿ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಒಯ್ಯಲೇಬೇಕಾದ ಜಾಗ ಇದು. ಇದ್ದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಮೊಣಕಾಲು ನೋವಿನವರೂ ಆರಾಮಾಗಿ ನೋಡಬಹುದು.

ತೀರ್ಥಹಳ್ಳಿವರೆಗೆ ಹೋಗುವುದಾದರೆ ದಿನಪೂರ್ತಿ ಇಡಿ, ಅರವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಬಸ್‌ಸ್ಟ್ಯಾಂಡಿನಿಂದ ಹೊಳೆಗೆ ನಡೆದೇ ಹೋಗಬಹುದು. ಹಳೇ ಕಮಾನು ಸೇತುವೆ ಮೇಲಿಂದ ಹೊಳೆ ನೋಡಿ, ರಾಮೇಶ್ವರ ದೇವಸ್ಥಾನದ ಕಡೆ ಇಳಿದರೆ ಬಂಡೆಗಳ ನಡುವೆ ರಾಮತೀರ್ಥ, ಹೊಳೆಯೊಳಗೇ ರಾಮಮಂಟಪ. ಎಳ್ಳಮಾವಾಸ್ಯೆ ಜಾತ್ರೆ ಹೊತ್ತಿಗೆ ಹೋದರೆ ತೆಪ್ಪೋತ್ಸವ ಇರುತ್ತದೆ, ನೂಕುನುಗ್ಗಲೂ ಇರುತ್ತದೆ. ನಡಿಗೆಗೆ ಬೇರೆ ದಿನವೇ ವಾಸಿ. ಮಳೆ ನಿಂತ ಮೇಲೆ, ಬಂಡೆ ಒಣಗಿದ ಮೇಲೆ ಹೋಗಿ. ಪಾಚಿ ಹಿಡಿದ ಬಂಡೆ ಮೇಲೆ ಚಪ್ಪಲಿ ಹಾಕಿಕೊಂಡು ಸೆಲ್ಫಿ ತೆಗೆಯುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅಲ್ಲಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ ಚಿಬ್ಬಲಗುಡ್ಡೆ. ಹೊಳೆ ದಡದಲ್ಲಿ ಗಣಪತಿ ದೇವಸ್ಥಾನ, ಕೆಳಗೆ ನೀರಿನಲ್ಲಿ ದೊಡ್ಡ ದೊಡ್ಡ ಮೀನುಗಳು. ಮೀನು ಹಿಡಿಯುವಂತಿಲ್ಲ. ಬಿಸ್ಕತ್ತು, ಕುರುಕಲು ತಿಂಡಿ ಎಸೆಯಬೇಡಿ, ಪ್ಲಾಸ್ಟಿಕ್ ಕವರಂತೂ ಹೊಳೆ ಹತ್ತಿರಕ್ಕೇ ಬೇಡ. ಆ ಕಡೆ ಬಸ್ಸಿನ ಸಮಯವನ್ನು ತೀರ್ಥಹಳ್ಳಿ ಸ್ಟ್ಯಾಂಡಿನಲ್ಲೇ ಕೇಳಿಕೊಳ್ಳಿ. ಹೊಂದದಿದ್ದರೆ ನಾಲ್ಕು ಜನ ಸೇರಿ ಆಟೋ ಮಾಡಿಕೊಳ್ಳುವುದು ವಾಸಿ.

ಸಾಗರದ ಕಡೆ

ಸಾಗರಕ್ಕೆ ಬಸ್ಸೂ ಉಂಟು, ರೈಲೂ ಉಂಟು. ತಾಳಗುಪ್ಪ ಕಡೆ ಹೋಗುವ ರೈಲು ಸಾಗರದಲ್ಲಿ ನಿಲ್ಲುತ್ತದೆ. ಬಸ್ ಸಿಗದಿದ್ದರೆ ಒಂದು ಆಸರೆ ಇದ್ದ ಹಾಗೆ. ಊರೊಳಗಿನ ಗಣಪತಿ ಕೆರೆ ಕೆಳದಿ ಅರಸರ ಕಾಲದ್ದು. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಒಂದು ಸುತ್ತು ಹಾಕಲು ಸಾಕು, ಅದಕ್ಕಂತಲೇ ಶಿವಮೊಗ್ಗದಿಂದ ಹೋಗಬೇಕಿಲ್ಲ.

ಹೋಗಬೇಕಾದ್ದು ವರದಾಮೂಲಕ್ಕೆ. ಸಾಗರದಿಂದ ಸುಮಾರು 6 ಕಿಲೋಮೀಟರು. ವರದಾ ನದಿ ಹುಟ್ಟುವುದು ಅಲ್ಲಿನ ದೇವಸ್ಥಾನದ ಕೊಳದಲ್ಲಿ. ಇಷ್ಟೇನಾ ಅನ್ನಿಸುವಷ್ಟು ಸಣ್ಣ ನೀರು. ಅದೇ ನೀರು ಬನವಾಸಿಯನ್ನು ಬಳಸಿಕೊಂಡು ಹಾವೇರಿ ಜಿಲ್ಲೆಗೆ ಹೋಗಿ, ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಕೂಡ್ಲಿಯಲ್ಲಿ ನೀವು ನೋಡಿದ ನೀರಿಗೇ. ಆ ಕಡೆ ಹೋಗುವಾಗ ಬಸ್ಸೋ ಆಟೋವೋ ಹಿಡಿದು, ಬರುವಾಗ ಸಾಗರದ ಕಡೆಗೆ ನಡೆಯಿರಿ. ಊರ ರಸ್ತೆ, ಅಡಿಕೆ ತೋಟದ ನೆರಳು, ಗಾಡಿ ಕಡಿಮೆ. ಕಾಲು ಸೋತರೆ ಹಿಂದಿನಿಂದ ಬರುವ ಆಟೋಕ್ಕೆ ಕೈ ಹಿಡಿಯಿರಿ.

ಕೆಳದಿಗೂ ಸಾಗರದಿಂದಲೇ ಹೋಗಬೇಕು, ಹತ್ತಿರ. ರಾಮೇಶ್ವರ ದೇವಸ್ಥಾನ ನೋಡಿ ಊರ ಕೆರೆ ಏರಿ ಮೇಲೆ ನಡೆಯಬಹುದು. ಸಿಗಂದೂರು ಕಡೆ ಶರಾವತಿ ಹಿನ್ನೀರಿಗೆ 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಮೊದಲು ಲಾಂಚಿಗೆ ಕಾಯಬೇಕಿತ್ತು, ಈಗ ಆ ಕಾಯುವಿಕೆ ಇಲ್ಲ. ಹಿನ್ನೀರಿನ ನೋಟಕ್ಕೆ ಈ ದಾರಿ ಚೆಂದ, ಆದರೆ ಅದು ಕಿಟಕಿ ಪಕ್ಕ ಕೂತು ನೋಡುವ ದಾರಿ, ನಡೆಯುವ ದಾರಿ ಅಲ್ಲ. ಜೋಗದ ಬಗ್ಗೆ ಇಲ್ಲಿ ಬರೆಯುತ್ತಿಲ್ಲ, ಅಲ್ಲಿಗೆ ದಾರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಕೆರೆ ಅಂದರೆ ಶಿಕಾರಿಪುರದ ಕಡೆ

ಹೊಳೆ ನೋಡಲು ತೀರ್ಥಹಳ್ಳಿ ರಸ್ತೆ ಹೇಗೋ, ಕೆರೆ ನೋಡಲು ಶಿಕಾರಿಪುರ ರಸ್ತೆ. ಸವಳಂಗದ ಕೆರೆ ರಸ್ತೆ ಪಕ್ಕದಲ್ಲೇ ಸಿಗುತ್ತದೆ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿ ದೇವಸ್ಥಾನದ ಪಕ್ಕವೇ ಕೆರೆ. ಅಲ್ಲಿಂದ ಶಿರಾಳಕೊಪ್ಪಕ್ಕೆ ಬಸ್ ಬದಲಿಸಿದರೆ ತಾಳಗುಂದ, ಬಳ್ಳಿಗಾವಿ ಎರಡೂ ಹತ್ತಿರ.

ತಾಳಗುಂದಕ್ಕೆ ಜನ ಕದಂಬರ ಶಾಸನ ನೋಡಲು ಹೋಗುತ್ತಾರೆ. ಪ್ರಣವೇಶ್ವರ ದೇವಸ್ಥಾನದ ಎದುರು ಕಲ್ಲಿನ ಕಂಬ ಇದೆ. ಅದರ ಮೇಲೆ ಮಯೂರಶರ್ಮ ಕಂಚಿಗೆ ಹೋದದ್ದು, ಪಲ್ಲವರ ಮೇಲೆ ಸಿಟ್ಟಾಗಿ ಕತ್ತಿ ಹಿಡಿದದ್ದು ಎಲ್ಲ ಸಂಸ್ಕೃತ ಪದ್ಯದಲ್ಲಿ ಇದೆ. ಬರೆದ ಕವಿ ಕುಬ್ಜ. ಆದರೆ ಆ ಕಂಬ ನಿಲ್ಲಿಸಿದ್ದೇ ಒಂದು ಕೆರೆಗಾಗಿ. ಕಾಕುಸ್ಥವರ್ಮ ದೇವಸ್ಥಾನದ ಹತ್ತಿರ ಕೆರೆ ಕಟ್ಟಿಸಿದ, ಅದನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಶಾಸನವಾಗಿ ಬರೆಸಿದರು. ಐದನೇ ಶತಮಾನದ ಮಾತು. ವಂಶದ ಕಥೆಯೆಲ್ಲ ಹೇಳಿ ಕೊನೆಗೆ ಬರುವುದು ಕೆರೆಗೆ. ಹಾಗಾಗಿ ಕಂಬಕ್ಕೆ ಕೈ ಮುಗಿದು ವಾಪಸ್ ಹೊರಡಬೇಡಿ, ಊರವರನ್ನು ಕೇಳಿಕೊಂಡು ಕೆರೆ ಕಡೆಗೂ ಹೋಗಿ.

ಬಳ್ಳಿಗಾವಿಯಲ್ಲೂ ಹೀಗೆಯೇ. ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಹಳೆಯ ಕೋಡಿಮಠ ಇದ್ದದ್ದು ತಾವರೆಕೆರೆಯ ಕೋಡಿ ಹತ್ತಿರ. ಎರಡೂ ಊರನ್ನು ಒಂದೇ ದಿನ ಮಾಡಬೇಕಾದರೆ ಶಿವಮೊಗ್ಗದಿಂದ ಬೆಳಗ್ಗೆ ಬೇಗ ಹೊರಡಬೇಕು, ಮಧ್ಯಾಹ್ನದ ಊಟ ಶಿರಾಳಕೊಪ್ಪದಲ್ಲೇ ಮುಗಿಸಿಕೊಳ್ಳಿ. ಹಳ್ಳಿಯಲ್ಲಿ ಹೋಟೆಲ್ ಹುಡುಕಿಕೊಂಡು ಕೂರಬೇಡಿ.

ಕೆರೆ ಸುತ್ತ ಪೂರ್ತಿ ನಡೆಯಬಹುದು ಅಂದುಕೊಂಡು ಹೊರಡುವವರಿಗೆ ಒಂದು ಮಾತು. ನಡೆಯಲು ಆಗುವುದು ಏರಿ ಮೇಲೆ ಮಾತ್ರ. ಒಂದು ತುದಿಯಿಂದ ಹೊರಟು ತೂಬು ದಾಟಿ ಕೋಡಿವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ನೀರು ಬರುವ ಕಡೆ ಕೆಸರು, ಗದ್ದೆ, ಇಲ್ಲವೇ ಕಾಡು. ಮೊಬೈಲಿನ ನಕ್ಷೆಯಲ್ಲಿ ದಾರಿ ಇದ್ದಂತೆ ಕಂಡರೂ ಅಲ್ಲಿ ಯಾರದೋ ಬೇಲಿ ಇರುತ್ತದೆ. ಕೋಡಿ ಬಿದ್ದು ನೀರು ಹರಿಯುತ್ತಿದ್ದರೆ ಅದು ಪಾದ ಮುಳುಗುವಷ್ಟೇ ಇದ್ದರೂ ದಾಟಬೇಡಿ, ಪಾಚಿ ಕಟ್ಟಿದ ಕಲ್ಲು ಜಾರುತ್ತದೆ.

ಸೊರಬದ ಹತ್ತಿರ ಗುಡವಿ ಪಕ್ಷಿಧಾಮವೂ ಕೆರೆಯೇ. ಸೊರಬದಿಂದ ಸುಮಾರು 16 ಕಿಲೋಮೀಟರು, ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಸೊರಬದವರೆಗೆ ಬಸ್, ಅಲ್ಲಿಂದ ಆಟೋ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಉದ್ದ ಕೋಲಿನ ಕೊಡೆ. ಮಡಚುವ ಕೊಡೆ ಮಲೆನಾಡಿನ ಗಾಳಿಮಳೆಗೆ ತಡೆಯಲ್ಲ. ಉದ್ದ ಕೊಡೆ ಇದ್ದರೆ ಕೆಸರಿನಲ್ಲಿ ಊರಿಕೊಂಡು ನಡೆಯಬಹುದು, ಹಳ್ಳಿ ನಾಯಿ ಬಂದರೆ ಕೈಯಲ್ಲಿ ಒಂದು ಕೋಲು ಇದ್ದ ಹಾಗೂ ಆಯಿತು. ನೀರು, ಅವಲಕ್ಕಿ ಅಥವಾ ಚಪಾತಿ, ಒಂದು ಜೊತೆ ಒಣ ಬಟ್ಟೆ, ಫೋನು-ಟಿಕೆಟ್ಟಿಗೆ ಒಂದು ಪ್ಲಾಸ್ಟಿಕ್ ಕವರು. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಒಳಗೆ ಹೋದ ಮೇಲೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆನ್‌ಲೈನ್ ಪೇಮೆಂಟ್ ನಂಬಿಕೊಂಡು ಖಾಲಿ ಜೇಬಲ್ಲಿ ಹೋಗಬೇಡಿ. ಶೌಚಾಲಯಕ್ಕೆ ತಾಲೂಕು ಬಸ್‌ಸ್ಟ್ಯಾಂಡಿನಲ್ಲೇ ಹೋಗಿ ಬನ್ನಿ, ಮುಂದೆ ಸಿಗುತ್ತದೆ ಅಂತ ಹೇಳಲಾಗದು.

ಇಂಬಳ, ಉಣುಗು

ಮಳೆಗಾಲದಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತುತ್ತದೆ. ಹೆದರುವಂಥದ್ದೇನಿಲ್ಲ. ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ, ಕಚ್ಚಿದ ಕಡೆ ಮುಟ್ಟಿಸಿದರೆ ಬಿಡುತ್ತದೆ. ಕಿತ್ತು ಎಳೆಯಬೇಡಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಆಮೇಲೆ ನಿಲ್ಲುತ್ತದೆ.

ಉಣುಗು, ಅಂದರೆ ಉಣ್ಣೆ ಹುಳ, ಹಾಗಲ್ಲ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಕಾಲ, ಅದನ್ನು ಹರಡುವುದು ಕಾಡಿನ ಉಣುಗು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ, 1957ರಲ್ಲಿ. ಹಾಗಾಗಿ ಬೇಸಿಗೆಯಲ್ಲಿ ಕಾಡಿನ ಅಂಚಿನ ಹಳ್ಳಿಗಳಿಗೆ ಹೋಗುವ ಮೊದಲು ಆ ಕಡೆ ಕಾಯಿಲೆ ಇದೆಯಾ ಅಂತ ವಿಚಾರಿಸಿ. ಇದ್ದರೆ ಆ ನಡಿಗೆ ಬಿಡಿ, ಹೊಳೆ ಎಲ್ಲೂ ಓಡಿಹೋಗಲ್ಲ. ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಸಿಕ್ಕಿದರೆ ಹಚ್ಚಿಕೊಳ್ಳಿ. ಒಣಗಿ ಉದುರಿದ ದರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿ ನೀರಲ್ಲಿ ಸ್ನಾನ, ಬಟ್ಟೆ ಬಿಸಿ ನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನ ಆರೋಗ್ಯ ಕೇಂದ್ರಕ್ಕೋ ಪಂಚಾಯ್ತಿಗೋ ತಿಳಿಸಿ. ಹೋಗಿ ಬಂದ ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಕಾಡಿನ ಕಡೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ತೋಟದ ದಾರಿ

ಹೊಳೆಗೆ ಇಳಿಯುವ ಎಷ್ಟೋ ದಾರಿಗಳು ಯಾರದೋ ತೋಟದೊಳಗೆ ಹೋಗುತ್ತವೆ. ಅಡಿಕೆಗೆ ರೇಟು ಬಂದ ಮೇಲೆ ಕಳ್ಳತನವೂ ಜಾಸ್ತಿ ಆಗಿದೆ, ಬೆನ್ನಿಗೆ ಚೀಲ ಹಾಕಿಕೊಂಡ ಅಪರಿಚಿತರನ್ನು ಕಂಡರೆ ಕೇಳದೇ ಬಿಡುತ್ತಾರಾ? ಅವರು ಕೇಳುವ ಮೊದಲು ನೀವೇ ಮಾತಾಡಿಸಿ. "ಯಜಮಾನ್ರೇ, ಹೊಳೆ ಕಡೆ ಹೋಗಬಹುದಾ?" ಅಂದರೆ ಸಾಕು. ಬೇಡ ಅನ್ನುವವರು ಕಡಿಮೆ, ಹತ್ತಿರದ ದಾರಿ ತೋರಿಸಿ ಮಜ್ಜಿಗೆ ಕುಡಿದು ಹೋಗಿ ಅನ್ನುವವರೇ ಜಾಸ್ತಿ. ದಣಪೆ (ಬೇಲಿಗೆ ಅಡ್ಡ ಹಾಕಿದ ಗಳಗಳ ಬಾಗಿಲು) ತೆಗೆದರೆ ಹಾಕಿಯೇ ಮುಂದೆ ಹೋಗಿ, ದನ ನುಗ್ಗಿದರೆ ಮುಂದೆ ಯಾರನ್ನೂ ಒಳಗೆ ಬಿಡಲ್ಲ. ಒಣಗಲು ಹಾಕಿದ ಅಡಿಕೆ ತುಳಿಯಬೇಡಿ. ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಸಿಕ್ಕರೆ ಒಬ್ಬೊಬ್ಬರೇ ದಾಟಿ. ಮಳೆಗಾಲದಲ್ಲಿ ಒದ್ದೆ ಸಂಕ ಕಂಡರೆ ದಾಟುವುದೇ ಬೇಡ, ಸುತ್ತುದಾರಿ ಕೇಳಿ.

ಬಸ್ ತಪ್ಪಿಹೋದರೆ

ಅಲ್ಲೇ ನಿಂತು ಕತ್ತಲಾಗುವವರೆಗೆ ಕಾಯಬೇಡಿ. ಬೆಳಕಿರುವಾಗಲೇ ಮುಖ್ಯ ರಸ್ತೆ ಕಡೆಗೆ ಹೊರಡಿ. ಸ್ಟಾಪಿನ ಅಂಗಡಿಯವರಿಗೆ ವಿಷಯ ಹೇಳಿ. ಊರಲ್ಲಿ ಯಾರ ಆಟೋ ಇದೆ, ಯಾರು ಪೇಟೆ ಕಡೆ ಹೊರಟಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಆಟೋಕ್ಕೆ ಹತ್ತುವ ಮೊದಲೇ ದುಡ್ಡು ಮಾತಾಡಿ, ಖಾಲಿ ವಾಪಸ್ ಬರಬೇಕಾದ ದಾರಿ ಅದು, ಸ್ವಲ್ಪ ಜಾಸ್ತಿ ಕೇಳಿದರೆ ಜಗಳ ಬೇಡ. ಶಿವಮೊಗ್ಗದವರೆಗೂ ಆಟೋ ಬೇಕಿಲ್ಲ, ಬಸ್ ಓಡಾಡುವ ರಸ್ತೆಗೆ ಬಿಟ್ಟರೆ ಸಾಕು. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳು ಶಿವಮೊಗ್ಗದ ಮೇಲೇ ಹೋಗುತ್ತವೆ. ಆದರೆ ಅವು ನಡುದಾರಿಯಲ್ಲಿ ಕೈ ಹಿಡಿದರೆ ನಿಲ್ಲಿಸುತ್ತವೆ ಅಂತ ನಂಬಬೇಡಿ, ತಾಲೂಕು ಸ್ಟ್ಯಾಂಡಿಗೇ ಹೋಗಿ ಹತ್ತಿ. ಮನೆಗೆ ಒಂದು ಫೋನು ಮಾಡಿ, ಯಾವ ಊರಿನಲ್ಲಿ ಇದ್ದೀರಿ, ಯಾವ ರಸ್ತೆ ಕಡೆ ಬರುತ್ತಿದ್ದೀರಿ ಅಂತ ಹೇಳಿಬಿಡಿ. ನೆಟ್‌ವರ್ಕ್ ಸಿಗದಿದ್ದರೆ ಅಂಗಡಿಯವರ ಫೋನಿನಿಂದಾದರೂ.